ಒಣಗದ ಕೆಂಪು

ಹೊಳೆಯಿಲ್ಲದ ಊರಿಗೆ, ಸಿದ್ದಯ್ಯ ರಸ್ತೆಯ ನಮ್ಮ ಶೆಡ್ಡಿಗೆ,
ಆಷಾಢದ ಒಂದು ಮಂಗಳವಾರ
ಟಾಟಾ ಏಸಿನ ಬೆನ್ನೇರಿ ಬಂತು ನೀರಿನ ಸ್ಕೂಟರು.
ಚಕ್ರವಿಲ್ಲ. ನಿಲ್ಲಿಸೋಣವೆಂದರೆ ಸ್ಟ್ಯಾಂಡೂ ಇಲ್ಲ.
ನಾಲ್ಕು ಹಳೇ ಟಯರಿನ ಮೇಲೆ ಮಗುಚಿ ಮಲಗಿಸಿದೆವು.

"ಕೆಂಪು ಬೇಕು" ಅಂದರು ಹಿನ್ನೀರಿನ ರೆಸಾರ್ಟಿನ ಮುನಿರೆಡ್ಡಿ,
"ಕುಂಕುಮದ್ದಲ್ಲ, ಟೊಮೇಟೊದ್ದೂ ಅಲ್ಲ,
ಸಿಗ್ನಲ್ಲಿನಲ್ಲಿ ಮುಂದಿನ ಬಸ್ಸು ಬ್ರೇಕ್ ಹಾಕಿದಾಗ
ಕಣ್ಣಿಗೆ ಹೊಡೆಯುತ್ತಲ್ಲ, ಅದು. ಭಾನುವಾರಕ್ಕೆ."

ಇಪ್ಪತ್ತಾರು ವರ್ಷ ಆಟೋಗಳಿಗೆ ಹೊಡೆದ ಕೈ ಇದು.
ತಗಡು ನನಗೆ ಗೊತ್ತು, ತಗಡಿಗೂ ನಾನು ಗೊತ್ತು.
ಇದು ಫೈಬರ್. ತಟ್ಟಿದರೆ ಒಣಸೋರೆಯ ಸದ್ದು.
ಇರಲಿ ಅಂತ ಉಜ್ಜಿದೆ, ಪ್ರೈಮರ್ ಕೊಟ್ಟೆ, ಕೆಂಪು ಕೊಟ್ಟೆ.
ಮಾರನೇ ದಿನ ಬ್ಲೇಡಿನಲ್ಲಿ ಚೌಕಾಬಾರದ ಮನೆ ಗೀರಿ
ಟೇಪು ಅಂಟಿಸಿ ಎಳೆದರೆ
ಮನೆಗೆ ಮನೆಯೇ ಎದ್ದು ಬಂತು,
ಆರಿದ ಹಾಲಿನ ಕೆನೆಯಂತೆ, ಒಂದು ಚೂರೂ ಹರಿಯದೆ.

ಆರೋಗ್ಯಸ್ವಾಮಿ ಮೇಸ್ತ್ರಿ ಹೇಳುತ್ತಿದ್ದರು,
ಬಣ್ಣದ ಮಾತು ಬಣ್ಣದವನನ್ನು ಕೇಳಬೇಡ, ನೀರನ್ನು ಕೇಳು.
ಬೋಳು ಮೈಮೇಲೆ ಒಂದು ಮಗ್ ಸುರಿದೆ.
ಮೂತಿಯ ಕಡೆ ಹಾಳೆಯಾಗಿ ಹರಿಯಿತು.
ಹೊಟ್ಟೆಯ ಕಡೆ ಮಾತ್ರ ಕೆಸುವಿನೆಲೆಯ ಮೇಲಿನ ಹಾಗೆ
ಗುಂಡುಗುಂಡಾಗಿ ಕೂತು ನನ್ನನ್ನೇ ನೋಡಿತು.
ಮೇಣ.
ಹೊಳೆಯಲಿ ಅಂತ ಮೂರು ಬೇಸಿಗೆ ರೆಸಾರ್ಟಿನ ಹುಡುಗರು ತಿಕ್ಕಿದ ಮೇಣ.
ಒರೆಸದೆ ಉಜ್ಜಿದೆನಲ್ಲ ನಾನು,
ಪ್ರತಿ ಗೀರಿನೊಳಗೂ ಅದನ್ನು ನಾನೇ ತುಂಬಿದ್ದೆ.

ಎರಡನೇ ಸಲ: ಎಬ್ಬಿಸಲು ಒಂದು ಬಟ್ಟೆ, ಎತ್ತಲು ಇನ್ನೊಂದು.
ಆಮೇಲೆ ಉಜ್ಜು. ಆಮೇಲೆ ಮತ್ತೆ ನೀರು. ಎಲ್ಲೆಲ್ಲೂ ಹಾಳೆ.
ಹಿಡಿಯಿತು ಬಣ್ಣ. ಹಿಡಿದದ್ದು ಒಣಗಲಿಲ್ಲ.

ಶನಿವಾರ ಮುಟ್ಟಿದರೆ ಕೈಗೆ ಹತ್ತದು, ಉಗುರು ಊರಿದರೆ ಇಳಿಯುತ್ತದೆ,
ಮೇಲೆ ಚರ್ಮ, ಕೆಳಗೆ ಹಲ್ವ.
ಸೋನೆಯನ್ನು ಬೈದೆ. ಹ್ಯಾಲೊಜೆನ್ ಹಚ್ಚಿದೆ.
ಕರೆಂಟು ಹೋಯಿತು, ಬೆಸ್ಕಾಂ ಅನ್ನು ಬೈದೆ.
ಹಾರ್ಡನರ್ ಡಬ್ಬಿಯ ತಾರೀಖು ಓದಿ ಅಂಗಡಿಯವನನ್ನೂ ಬೈದೆ, ತಾರೀಖು ಸರಿಯಿತ್ತು.
ಕೊನೆಗೆ ಪ್ಯಾರೇಜಾನ್‌ನನ್ನು ಕೇಳಿದೆ, ಎಷ್ಟಕ್ಕೆ ಎಷ್ಟು ಬೆರೆಸಿದೆ?
"ನಾಲ್ಕಕ್ಕೆ ಒಂದು ಅಣ್ಣ, ನೀವು ಹೇಳಿದಷ್ಟೇ. ಎಣಿಸಿ ಹಾಕಿದೆ."
ಎಲ್ಲಿ, ತೋರಿಸು.
ತೋರಿಸಿದ.
ಬಣ್ಣ ಅಳೆದದ್ದು ಉದ್ದ ಲೋಟದಲ್ಲಿ,
ಹಾರ್ಡನರ್ ಅಳೆದದ್ದು ಬೈಟೂ ಲೋಟದಲ್ಲಿ.

ಹತ್ತೊಂಬತ್ತರ ಹುಡುಗ, ಲೋಟ ಕೈಯಲ್ಲಿ ಹಿಡಿದೇ ನಿಂತಿದ್ದ.
ಬೈಗುಳವೆಲ್ಲ ಆಗಲೇ ಖರ್ಚಾಗಿತ್ತು ನನಗೆ.
ಮೇಣ ನಂದು, ಲೋಟ ನಿಂದು, ಅಂದೆ. ಕೆರೆಯೋ ಪಟ್ಟಿ ತಗೋ.
ಭಾನುವಾರವಿಡೀ ಕೆರೆದೆವು.
ಇದು ಕಾದರೆ ಒಣಗುವ ಜಾತಿಯದಲ್ಲ,
ಅರ್ಧ ಸಿಕ್ಕಿದ್ದಕ್ಕೆ ವರ್ಷವಾದರೂ ಅರ್ಧವೇ.
ಫೋನು ಹದಿನಾಲ್ಕು ಸಲ ಹೊಡೆದುಕೊಂಡಿತು. "ಒಣಗ್ತಾ ಇದೆ ಸಾರ್."

ಮೂರನೇ ಕೆಂಪು ನಿಂತಿತು.
ಉಗುರಿಗೆ ಟಕ್ ಅಂದಿತು, ಪಿಂಗಾಣಿಯ ಹಾಗೆ.
ತಳದಲ್ಲೊಂದು ಕಡೆ, ಆತುರಕ್ಕೆ ಮುಟ್ಟಿ ನೋಡಿದ
ಪ್ಯಾರೇಜಾನನ ಹೆಬ್ಬೆರಳು, ಗೆರೆಗೆರೆಯೂ ಸ್ಪಷ್ಟ.
ಎರಡು ಸಾವಿರದ ಕಾಗದ ಕೈಯಲ್ಲೇ ಇತ್ತು.
ಉಜ್ಜಲಿಲ್ಲ. ಅಲ್ಲಿ ನೋಡುವುದಿದ್ದರೆ ಮೀನು ನೋಡಬೇಕು.

ಮುನಿರೆಡ್ಡಿ ಸುತ್ತು ಬಂದರು, ಮುಖ ನೋಡಿಕೊಂಡರು, ಮೀಸೆ ತೀಡಿದರು.
"ಏಳು ದಿನ ನೀರಿಗಿಳಿಸಬೇಡಿ" ಅಂದೆ.
"ಇದು ನೀರಿಂದು ಕಣಯ್ಯ!"
"ಹೌದು ಸಾರ್. ಏಳು ದಿನ."

ಹೊರಗೆ ಹನಿ ಶುರುವಾಗಿತ್ತು.
ನೆನೆಯಬಾರದೆಂದು ಟಾರ್ಪಾಲು ಹೊದಿಸಿ, ಹಗ್ಗ ಬಿಗಿದು,
ಲಾಲ್‌ಬಾಗಿನ ಗೇಟು ದಾಟಿ ಹೋಯಿತು ನೀರಿನ ಸ್ಕೂಟರು,
ಬಾಣಂತಿಯ ಹಾಗೆ ಕಿವಿ ಮುಚ್ಚಿಕೊಂಡು.