ಐದು ಗಂಟೆಯ ಪಾಳಿ

ಪಾಸ್‌ವರ್ಡ್ ಈಗ ಚೋಂದಮ್ಮನ ಬಳಿ ಇದೆ.
ನನ್ನ ಫೋನನ್ನು ಕಣ್ಣಿನಿಂದ ಒಂದು ಮೊಳ ದೂರ ಹಿಡಿದು
ತಾನೇ ಹೊಸದೊಂದು ಒತ್ತಿ,
ಹಾಲಿನ ಲೆಕ್ಕದ ಚೀಟಿಯ ಹಿಂಬದಿಗೆ ಬರೆದು
ಒಳ್ಳೆಮೆಣಸಿನ ಭರಣಿಯೊಳಗೆ ಇಳಿಬಿಟ್ಟಳು.
"ಬೇಕಾದರೆ ಸೀನುತ್ತಾ ಹುಡುಕು," ಅಂದಳು.

ಬೇರೆ ಯಾರ ಕೈಗೆ ಕೊಡಲಿ?
ಸುಂಟಿಕೊಪ್ಪದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ಇಪ್ಪತ್ತಾರು ವರ್ಷ ಕೂತವಳು.
ಮದುವೆ ಮುರಿದದ್ದು, ಏಲಕ್ಕಿ ದರ ಬಿದ್ದದ್ದು,
ಆಸ್ಪತ್ರೆಯಿಂದ ಬಂದ ಒಂದೇ ಒಂದು ಸಾಲು,
ಎಲ್ಲ ಅವಳ ಬೆರಳ ಸಂದಿಯಲ್ಲೇ ಹಾದುಹೋದವು.
ಒಂದೂ ಹೊಸ್ತಿಲು ದಾಟಲಿಲ್ಲ.
ಊರು ಇವತ್ತಿಗೂ ಅವಳನ್ನು ಕಂಡರೆ
ಸ್ವಲ್ಪ ತಗ್ಗಿಯೇ ನಮಸ್ಕಾರ ಹಾಕುತ್ತದೆ.

ನನ್ನದು ಹಾಗಲ್ಲ.
ಮಂಚದ ಕೆಳಗೆ ಹದಿನಾಲ್ಕು ಹಲಗೆ,
ಆಲಿಕುಟ್ಟಿಯ ಮಿಲ್ಲಿನ ಹಲಸು,
ಹದಿನಾಲ್ಕೂ ಅರ್ಧ.
ಕೊಕ್ಕಿಲ್ಲದ ಮಂಗಟ್ಟೆ,
ಚಕ್ರ ಮೂಡದ ಮಡಿಕೇರಿ ಬಸ್ಸು,
ಸಂತೆಯಲ್ಲಿ ಒಣಮೀನು ಮಾರುವ ಬೀಫಾತುವಿನ
ತಕ್ಕಡಿ ಮಾತ್ರ, ಬೀಫಾತು ಇಲ್ಲ.
ಉಳಿ ತಾಗಿದ ಮೊದಲ ಗಂಟೆಗೇ ಫೋಟೋ ತೆಗೆಯುತ್ತಿದ್ದೆ,
ಮರದ ಸುರುಳಿ ಬೆಳಕಿಗೆ ಚೆಂದ ಕಾಣುವ ಹಾಗೆ.
ನಾನೂರು ಹೃದಯ. ಆರುನೂರು.
ಕೆನಡಾದಿಂದ ಯಾರೋ "ಅದ್ಭುತ" ಅಂದರು.
ಮುಗಿಸದ ಕೆಲಸಕ್ಕೆ ಕೂಲಿ ಸಿಕ್ಕಿದ ಮೇಲೆ
ಬೆನ್ನು ಯಾಕೆ ಬಗ್ಗುತ್ತದೆ?

ಮೊದಲ ವಾರ ಹೆಬ್ಬೆರಳು ತನ್ನಷ್ಟಕ್ಕೆ
ಊಟದ ಮೇಜನ್ನು ಉಜ್ಜುತ್ತಿತ್ತು, ಕೆಳಗಿನಿಂದ ಮೇಲಕ್ಕೆ.
ಯಾರೂ ನೋಡದ ನಾನು ಇದ್ದೇನೋ ಇಲ್ಲವೋ ಅಂತ
ಎರಡು ಸಲ ಕನ್ನಡಿಯವರೆಗೆ ಹೋಗಿ ಬಂದೆ.
ಹೇಳಿಕೊಳ್ಳಲು ನಾಚಿಕೆ. ಹೇಳಿಬಿಟ್ಟೆ.

ಮಾರ್ಚಿನಲ್ಲಿ ಹೂಮಳೆ ಬಿತ್ತು.
ಒಂಬತ್ತನೆಯ ದಿನ ಕಾಫಿ ಬಿಳಿಯಾಯಿತು,
ಊರಿಗೆ ಊರೇ ಬೇಲಿಯುದ್ದಕ್ಕೂ ಫೋನೆತ್ತಿ ನಿಂತಿತು.
ನನ್ನ ಹತ್ತಿರ ಮೂಗು ಮಾತ್ರ ಇತ್ತು.
ಆ ವಾಸನೆಗೆ ನನಗೆ ತಲೆ ನೋಯುತ್ತದೆ ಅನ್ನುವುದು,
ಹನ್ನೊಂದು ವರ್ಷ ಹೂವಿನ ಚಿತ್ರ ಹಾಕಿದವಳಿಗೆ,
ಈ ವರ್ಷ ಗೊತ್ತಾಯಿತು.

ಹದಿನೈದನೆಯ ಹಲಗೆ ತಂದೆ.
ನಿಮ್ಮ ಕೈ ಕೆತ್ತುತ್ತೇನೆ ಅಂದೆ,
ತೂತುಗಳ ಬೋರ್ಡಿನಿಂದ ತಂತಿ ಎಳೆಯುವ ಕೈ.
"ಮುಖ ಬೇಡ," ಅಂದಳು,
"ಅದು ಕೇಳಿಸಿಕೊಂಡ ಮುಖ."
ದಿನಾ ಸಂಜೆ ಮೆಟ್ಟಿಲ ಮೇಲೆ ಕೂತು
ಗಾಳಿಗೆ ತಂತಿ ಚುಚ್ಚಿ, ಕಿತ್ತು ತೋರಿಸಿದಳು.
ಬೆರಳ ಗೆಣ್ಣಿಗೆ ನಾಲ್ಕು ದಿನ.
ಬಳೆಯ ಹಿಂದಿನ ನೆರಳಿಗೆ ಒಂದು ವಾರ.
ಒಮ್ಮೆ ಉಳಿ ಜಾರಿ ನನ್ನ ಅಂಗೈಗೇ ಹೊಕ್ಕಿತು.
ಕಾಫಿಪುಡಿ ಒತ್ತಿಕೊಂಡೆ, ಮುಂದುವರಿಸಿದೆ.

ಕುಶಾಲನಗರದ ಲಗ್ನಪತ್ರಿಕೆ ಪ್ರೆಸ್ಸಿನ ಕರಿಮಸಿ.
ಸ್ಟೀಲ್ ಚಮಚದ ಬೆನ್ನಿನಿಂದ ತಿಕ್ಕಿ ತಿಕ್ಕಿ
ಕಾಗದ ಎತ್ತಿದಾಗಲೇ ಹೊಳೆದದ್ದು:
ಅಚ್ಚಿನಲ್ಲಿ ಎಲ್ಲ ತಿರುಗುಮುರುಗು.
ಹಲಗೆಯ ಬಲಗೈ ಕಾಗದದಲ್ಲಿ ಎಡಗೈ.
ಹದಿನಾಲ್ಕು ಕೆತ್ತಿ ಒಂದನ್ನೂ ಒತ್ತದವಳಿಗೆ
ಅಷ್ಟೂ ಮರೆತುಹೋಗಿತ್ತು.

ಮಸಿ ಆರುವ ಮೊದಲೇ ಹಾಗೇ ಕೊಟ್ಟೆ.
ಒಂದು ಮೊಳ ದೂರ ಹಿಡಿದು ತುಂಬ ಹೊತ್ತು ನೋಡಿದಳು.
"ಇದು ನಿನಗೆ ಯಾರು ಹೇಳಿದರು, ಕುಂಞಿ?
ಶಾಲೆಯಲ್ಲಿ ಗಣ್ಣಿಗೆ ಹೊಡೆದು ಹೊಡೆದು ಬಲಗೈ ಮಾಡಿಸಿದ್ದರು.
ಸೂಪರ್‌ವೈಸರ್ ಇದ್ದರೆ ಬಲಗೈ.
ಬೆಳಗಿನ ಐದರ ಪಾಳಿಗೆ ಯಾರೂ ಇರುತ್ತಿರಲಿಲ್ಲ,
ಆಗ ಇದಕ್ಕೆ ಬಿಟ್ಟುಬಿಡುತ್ತಿದ್ದೆ.
ಎಷ್ಟು ಹಗುರ ಓಡುತ್ತಿತ್ತು ಗೊತ್ತಾ."

ತಪ್ಪಾಯಿತು ಅನ್ನಲು ಬಾಯಿ ಬರಲಿಲ್ಲ.
ಹೆಬ್ಬೆರಳು ಮಾತ್ರ ಒಮ್ಮೆ ಮಿಡುಕಿತು,
ಎಂಥ ಪೋಸ್ಟ್ ಆಗುತ್ತಿತ್ತು ಇದು!
ಭರಣಿ ಅಲ್ಲೇ, ಕೈಗೆಟುಕುವ ಕಪಾಟಿನಲ್ಲಿ.

ಚೋಂದಮ್ಮ ಅವಳ ನಿಜವಾದ ಹೆಸರಲ್ಲ.
ಅಷ್ಟು ಕಲಿತಿದ್ದೇನೆ.

ಮರುದಿನ ಐದಕ್ಕೆ ಎದ್ದು
ಮಂಚದ ಕೆಳಗಿನಿಂದ ಮಂಗಟ್ಟೆಯನ್ನು ಎಳೆದೆ.
ಕೊಕ್ಕು ಯಾವ ಕಡೆಗೆ ಅಂತ ಗೊತ್ತಾಗಲು
ಹಲಗೆಯನ್ನು ಕನ್ನಡಿಗೆ ಹಿಡಿದೆ.