ಕಿಟಕಿಯಿಲ್ಲದ ಬಾಲ್‌ರೂಮು

ಹೋಟೆಲಿನ ಹೆಸರು ಲೇಕ್‌ವ್ಯೂ.
ಸರೋವರ ಐವತ್ತು ಮೈಲಿ ಆಚೆ.
ಮ್ಯಾನ್ಸ್‌ಫೀಲ್ಡಿನ ಈ ಹೆದ್ದಾರಿಯಂಚಿನಲ್ಲಿ ಕಾಣುವುದು
ಪೆಟ್ರೋಲ್ ಬಂಕು, ಟೈರಿನಂಗಡಿ, ಮಾರ್ಚ್ ತಿಂಗಳ ಕೊಳಕು ಹಿಮ.
ಹತ್ತೊಂಬತ್ತು ವರ್ಷದಿಂದ ಸಂಘದ ಖಜಾಂಚಿ ನಾನು,
ಹೆಸರು ನಂಬಿ ಸಹಿ ಹಾಕುವ ವಯಸ್ಸಲ್ಲ.
ಹಾಕಿದೆ.

ನಾವು ಕಲೆಹಾಕುವುದು ತಂತಿಕಂಬದ ಗಾಜು.
ಅಂಗೈ ತುಂಬುವ ಟೋಪಿಗಳು, ಒಳಗೆ ತಿರುಪಿನ ಗೆರೆ.
ಯಾರದೋ ಸಾವು, ಗೋಧಿಯ ಧಾರಣೆ,
‘ನಾಳೆಯ ರೈಲಿಗೆ ಬರುತ್ತೇನೆ’
ಎಲ್ಲ ಇವುಗಳ ಕೊರಳು ಸವರಿಕೊಂಡೇ ಹೋದದ್ದು,
ಒಂದಕ್ಷರವೂ ಒಳಗಿಳಿಯದೆ.
ಸೋರಗೊಡದಿರುವುದೇ ಇವುಗಳ ಕೆಲಸ.
ತಂತಿ ಹೋಯಿತು. ತಂತಿ ಬರುವುದೂ ಹೋಯಿತು.
ಗಾಜು ಉಳಿಯಿತು, ನಮ್ಮ ಪಾಲಿಗೆ.

ಗಾಜಿಗೆ ಬೇಕಾದದ್ದು ಬಿಸಿಲು, ಬೇರೇನಲ್ಲ.
ಹೋಟೆಲಿನವರು ಕೊಡುವುದು ಬಾಲ್‌ರೂಮು:
ನೆಲಮಾಳಿಗೆ, ಕಂದು ಜಮಖಾನೆ, ಹಳದಿ ದೀಪದ ಗೊಂಚಲು,
ನಾಲ್ಕು ಗೋಡೆಗೆ ಒಂದು ಕಿಟಕಿಯಿಲ್ಲ.
ಅಲ್ಲಿ ಕಡುನೀಲಿಯೂ ಕಪ್ಪು, ಜೇನುಬಣ್ಣವೂ ಕಪ್ಪು,
ಮುನ್ನೂರು ಡಾಲರಿನದೂ ಮೂರರದೂ
ಒಂದೇ ತಾಯ ಮಕ್ಕಳಂತೆ ಮಂಕು.
ಟೇಬಲ್ಲಿಗಿಷ್ಟು, ಅದರ ಬಟ್ಟೆಗಿಷ್ಟು,
ಪ್ಲಗ್ಗಿಗೆ ಬೇರೆ, ಪ್ಲಗ್ಗಿನ ಕರೆಂಟಿಗೆ ಬೇರೆ.
ಹೊರಗಿನ ಕಾಫಿ ತರಕೂಡದು; ಅವರದು ಹಂಡೆಗೆ ತೊಂಬತ್ತು.
ಸಾಮಾನಿನ ಲಿಫ್ಟು ಬುಧವಾರದಿಂದ ಕೆಟ್ಟಿದೆ.
ಎಪ್ಪತ್ತೊಂಬತ್ತರ ಎಲ್ಡನ್ ಸ್ಟೌಫರ್
ಒಂದೊಂದು ಪೆಟ್ಟಿಗೆಯನ್ನೂ ಕೂಸಿನಂತೆ ಅವಚಿಕೊಂಡು ಮೆಟ್ಟಿಲಿಳಿದ.
ಇಳಿದು, ಕೂತು, ಉಸಿರು ಹಿಡಿದುಕೊಂಡು ಕೇಳಿದ:
‘ಭಾನುವಾರ ಹತ್ತಿಸೋದು ಯಾರು?’

ಇದನ್ನೆಲ್ಲ ನುಂಗಬಹುದು. ಗಂಟಲಲ್ಲಿ ಸಿಕ್ಕಿದ್ದು ಹನ್ನೊಂದನೆಯ ಪುಟ.
ಎಂಬತ್ತು ಕೋಣೆ ತುಂಬಿಸುತ್ತೇವೆಂದು ಬರೆದುಕೊಟ್ಟಿದ್ದೇನೆ,
ಖಾಲಿ ಉಳಿದದ್ದಕ್ಕೆ ದಂಡ ನಮ್ಮದೇ.
ತುಂಬಿದ್ದು ಐವತ್ತೆರಡು.
ಕೆಲವರು ಎದುರಿನ ಅಗ್ಗದ ಮೋಟೆಲಿನಲ್ಲಿ ಮಲಗಿ
ಬೆಳಿಗ್ಗೆ ಇಲ್ಲಿಯ ತಿಂಡಿಗೆ ಬರುತ್ತಾರೆ,
ಕಂಡರೂ ಕಾಣದಂತಿದ್ದೇನೆ.
ಕೆಲವರು ಈ ಚಳಿಗಾಲ ದಾಟಲಿಲ್ಲ.
ಸತ್ತವರ ಕೋಣೆಗೂ ಬಾಡಿಗೆಯೆ? ಎಂದೆ.
ಹೊಸ ಮ್ಯಾನೇಜರ್ ಟ್ರೆಂಟ್, ಒಳ್ಳೆಯ ಹುಡುಗ,
ನಿಜಕ್ಕೂ ಪುಟ ತಿರುವಿ ಹುಡುಕಿದ.
‘ಆ ಬಗ್ಗೆ ಇದರಲ್ಲಿ ಏನೂ ಇಲ್ಲ.’

ಶುಕ್ರವಾರ ರಾತ್ರಿ ನಮ್ಮವರು ನನ್ನನ್ನೂ ಕೇಳದೆ
ಕೋಣೆಗಳಲ್ಲೇ ಅಂಗಡಿ ತೆರೆದರು.
ಹಾಸಿಗೆಯ ಮೇಲೆ, ಇಸ್ತ್ರಿ ಹಲಗೆಯ ಮೇಲೆ,
ಕಿಟಕಿಯ ಕಟ್ಟೆಗೆ ಎರಡೆರಡು ಸಾಲು;
ಬಾಗಿಲಿಗೆ ಬೂಟು ಅಡ್ಡ.
ತೆರೆದಿಡಕೂಡದು: ಅಗ್ನಿಶಾಮಕದವರ ನಿಯಮ.
ಮುಚ್ಚಿದರೆ ಗಿರಾಕಿಯಿಲ್ಲ: ನಮ್ಮದು.
ಅದೇ ಮಹಡಿಗೆ ಒಂದು ಮದುವೆಯ ಬಳಗವನ್ನೂ ಹಾಕಿದ್ದರು.
ನಡುರಾತ್ರಿ, ಚಪ್ಪಲಿ ಕೈಯಲ್ಲಿ ಹಿಡಿದ ವಧುವಿನ ಗೆಳತಿ
ತನ್ನದೆಂದು ಮುನ್ನೂರ ಹದಿನಾಲ್ಕಕ್ಕೆ ನುಗ್ಗಿ, ಬೆಚ್ಚಿ,
ಆಮೇಲೆ ಎಲ್ಡನ್ ಪಕ್ಕ ನೆಲದಲ್ಲಿ ಕೂತು
ಹಸಿರಲ್ಲಿ ಎಷ್ಟು ಬಗೆ ಎಂದು ಗಂಟೆಗಟ್ಟಲೆ ಕೇಳಿದಳಂತೆ.
ಏನೂ ಕೊಳ್ಳಲಿಲ್ಲ.
ಅವನು ಮಲಗಿದ್ದು ಕುರ್ಚಿಯಲ್ಲಿ. ಹಾಸಿಗೆ ತುಂಬ ಗಾಜು.

ಶನಿವಾರ ಬೆಳಿಗ್ಗೆ ಎಂಟಕ್ಕೆ ಟ್ರೆಂಟ್ ಕರೆಸಿದ.
ಹನ್ನೆರಡು ದೂರು. ಬನ್ನಿ, ಬಾಗಿಲು ಹಾಕಿಸೋಣ.
ಕ್ಷಮೆಯ ಮಾತು ಬಾಯಲ್ಲಿ ಹೊಂದಿಸಿಕೊಳ್ಳುತ್ತ
ಅವನ ಹಿಂದೆ ಮೂರನೆಯ ಮಹಡಿಗೆ ಹತ್ತಿದೆ.

ಟೈರಿನಂಗಡಿಯ ಮೇಲಿಂದ ಸೂರ್ಯ ಆಗಷ್ಟೇ ಬಂದಿದ್ದ.
ಪೂರ್ವದ ಕೋಣೆಗಳ ಬಾಗಿಲು ಬಾಗಿಲಿಂದಲೂ
ಬೆಳಕು ಹೊರಗೆ ಚಾಚಿ ಬಿದ್ದಿತ್ತು:
ನೀರುಹಸಿರು, ಜೇನು, ನೇರಳೆ,
ಹೆಸರಿಡಲು ನಮ್ಮಲ್ಲಿ ಜಗಳವಿರುವ ಒಂದು ನೀಲಿ,
ಕಂದು ಜಮಖಾನೆ ದಾಟಿ ಎದುರು ಗೋಡೆಯ ಮೊಣಕಾಲಿನ ತನಕ.
ನಡುವೆ ಗಾಡಿ ನಿಲ್ಲಿಸಿ ಯೆಸೆನಿಯಾ,
ಹೊಂಡುರಾಸಿನವಳು, ಕೋಣೆ ಗುಡಿಸುವವಳು,
ಕೈಯಲ್ಲಿದ್ದ ಬಿಳಿ ಹೊದಿಕೆಯ ನೇರಳೆಯನ್ನು
ಕಲೆಯೇನೋ ಎಂದು ಕೊಡವಿದಳು.
ಮತ್ತೆ ಕೊಡವಿದಳು, ಈ ಸಲ ನಗುತ್ತ.

ಟ್ರೆಂಟ್ ತನ್ನ ಷೂಗಳನ್ನು ನೋಡಿಕೊಂಡ. ಒಂದು ಹಸಿರು.
‘ಒಂಬತ್ತರ ತನಕ’ ಅಂದ.

ದಂಡ ಮನ್ನಾ ಆಗಲಿಲ್ಲ.
ಇಪ್ಪತ್ತೆಂಟು ಕೋಣೆಯ ಚೆಕ್ಕು ಬರೆದೆ,
ಸಂಘದಲ್ಲಿ ಉಳಿದದ್ದು ಅಂಚೆವೆಚ್ಚಕ್ಕೆ ಸಾಕು.
ಎಲ್ಡನ್ ಪೆಟ್ಟಿಗೆಗಳನ್ನು ಯಾರು ಹೊತ್ತರೋ ತಿಳಿಯದು.
ಮುಂದಿನ ವರ್ಷಕ್ಕೆ ಮೂರು ಹೋಟೆಲಿಗೆ ಬರೆದಿದ್ದೇನೆ.
ಬಾಡಿಗೆ ವಿಚಾರಿಸುವ ಮೊದಲೇ ಒಂದು ಪ್ರಶ್ನೆ:
ನಿಮ್ಮ ಕೋಣೆಗಳ ಮುಖ ಯಾವ ದಿಕ್ಕಿಗೆ?
ಒಬ್ಬರು ಉತ್ತರ ಕಳಿಸಿದ್ದಾರೆ:
‘ಕಾರು ನಿಲ್ಲಿಸುವ ಕಡೆಗೆ.’