ಕನ್ನಡಿ, ಸಿಗ್ನಲ್, ಭುಜ

ಏಳನೆಯ ಸಲಕ್ಕೆ ಲೈಸನ್ಸು ಸಿಕ್ಕಿದ್ದು ನನಗೆ.
ಆರು ಸಲ ಫೇಲಾದರೂ ಮುನಿಯದೆ ಕಲಿಸಿದವರು
ಪೇಶಾವರದ ಗುಲ್‌ಜಮಾನ್ ಉಸ್ತಾದರು:
"ಮೊದಲು ಕನ್ನಡಿ, ಆಮೇಲೆ ಸಿಗ್ನಲ್,
ಆಮೇಲೆ ಭುಜದಾಚೆ ಒಂದು ನೋಟ.
ಮೂರೂ ಆದ ಮೇಲೆಯೇ ಸ್ಟೇರಿಂಗು, ಬೇಟಿ."
ಮಗ್ಗಿಯ ಹಾಗೆ ಬಾಯಿಪಾಠ ಮಾಡಿದೆ.
ಮರುದಿನ ರಸ್ತೆಗಿಳಿದು ನೋಡಿದರೆ
ಆ ಮಗ್ಗಿ ಬರುವುದು ಇಡೀ ಶಾರ್ಜಾದಲ್ಲಿ
ನನಗೊಬ್ಬಳಿಗೇ ಮಾರಾಯ್ರೆ.

ಬೆಳಿಗ್ಗೆ ಐದೂಮುಕ್ಕಾಲಿಗೆ ಅಲ್ ನಹ್ದಾ ಬಿಟ್ಟರೆ
ಜೆಬೆಲ್ ಅಲಿ ಮುಟ್ಟುವಾಗ ಏಳೂಕಾಲು.
ಪೆಟ್ರೋಲಿಗೆ ಪಾಲು ಕೊಡುವವರು ಮೂವರು:
ಪಕ್ಕದಲ್ಲಿ ಮನಿಲಾದ ರೊವೀನಾ,
ಬ್ರೇಕಿಗೂ ಬ್ರೇಕಿಗೂ ನಡುವೆ ಹುಬ್ಬು ಬರೆಯುವವಳು;
ಹಿಂದೆ ಅಕೌಂಟ್ಸಿನ ಉಮರಬ್ಬನವರು, ಬೋಳಾರದವರು,
ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತುತ್ತ,
ನಾನು ನಿಲ್ಲಿಸಿದಾಗಲೆಲ್ಲ ತಾವೇ ನಿಲ್ಲಿಸಿದೆವೆಂಬ ಸಮಾಧಾನದಲ್ಲಿ;
ಮತ್ತೊಬ್ಬ ಹೊಸ ಹುಡುಗ, ಸೀಟು ತಾಗಿದ ಕೂಡಲೆ ನಿದ್ದೆ.
ಮೂರು ತಿಂಗಳಾಯಿತು, ಹೆಸರು ಸರಿಯಾಗಿ ಗೊತ್ತಿಲ್ಲ.

ಮೊದಲು ಬರುವವನು ಬಿಳಿ ಲ್ಯಾಂಡ್ ಕ್ರೂಸರಿನವ.
ನೂರ ಹತ್ತರಲ್ಲಿ, ಎಡದ ಲೇನಿನಲ್ಲಿ,
ಬೆನ್ನಿಗೆ ಬಿದ್ದ ಬೇತಾಳ.
ಆ ಬೇತಾಳ ಕಥೆಯಾದರೂ ಹೇಳುತ್ತಿತ್ತು.
ಇವನದು ಹೆಡ್‌ಲೈಟಿನ ಒಂದೇ ಪ್ರಶ್ನೆ, ಫಳ್ ಫಳ್ ಫಳ್:
ಉತ್ತರ ಗೊತ್ತಿದ್ದೂ ಸರಿಯದೆ ಹೋದರೆ
ನಿನ್ನ ಬಂಪರು ಸಾವಿರ ಹೋಳು!
ಸರಿಯುವುದೆಲ್ಲಿಗೆ?
ಬಲಕ್ಕೆ ಹಾಲಿನ ವ್ಯಾನು, ಎದುರಿಗೆ ಇನ್ಯಾರದೋ ಹಿಂಭಾಗ.

ಇಂಡಿಕೇಟರು ಹಾಕದವರದು ಬೇರೆ ಜಾತಿ.
ಹಾಕಿದರೆ ಕರೆಂಟು ಬಿಲ್ಲು ಬರುತ್ತದೆಂದು
ಅವರಿಗೆ ಯಾರು ಹೇಳಿದರೋ.
ಹಾಕಿ ಮರೆತವರು ಇನ್ನೊಂದು ಬಗೆ,
ಅಜ್ಮಾನಿನಿಂದ ಎಡಗಣ್ಣು ಮಿಟುಕಿಸುತ್ತ
ದುಬೈ ದಾಟುವ ತನಕ ನಂಬಿಸುತ್ತಾರೆ.
ನಾನು ಹಾಕಿದೆನೋ,
ಅಲ್ಲಿವರೆಗೆ ತೂಕಡಿಸುತ್ತಿದ್ದ ಪಕ್ಕದವ ತಟಕ್ಕನೆ ಎಚ್ಚೆತ್ತು
ಇದ್ದ ಸಂದಿಯನ್ನು ಮುಚ್ಚುತ್ತಾನೆ.
ಸಿಗ್ನಲೆಂದರೆ ಶತ್ರುವಿಗೆ ಕೊಟ್ಟ ಸುಳಿವು, ಉಸ್ತಾದರೇ.

ಹಸಿರು ಬೀಳುವುದಕ್ಕೂ ಹಿಂದಿನ ಟ್ಯಾಕ್ಸಿ ಒದರುವುದಕ್ಕೂ
ನಡುವಿನ ಹೊತ್ತನ್ನು ಅಳೆಯುವ ಗಡಿಯಾರ
ಇನ್ನೂ ಹುಟ್ಟಬೇಕಷ್ಟೆ.

ಸಂಜೆ ನಮ್ಮ ಕಿಟಕಿಯ ಕೆಳಗೆ ಕರಕ್ ಚಾಯದ ಅಂಗಡಿ.
ಒಂದು ದಿರ್ಹಮಿನ ಚಹಕ್ಕೆ ಹತ್ತು ದಿರ್ಹಮಿನ ಹಾರ್ನು.
ಇಳಿದರೆ ಕಾಲು ಸವೆದೀತು!
ಯಾವ ಪೀಂ ಯಾವ ಕಾರಿನದೆಂದು
ಕಪ್ಪು ಹಿಡಿದು ಓಡುವ ಹುಡುಗನಿಗೆ ಗೊತ್ತುಂಟು,
ಹೆತ್ತವಳಿಗೆ ಅಳುವಿನ ಗುರುತಿರುವ ಹಾಗೆ.
ನನಗೆ ಮಾತ್ರ ಎಲ್ಲವೂ ತಲೆನೋವು.

ಜನವರಿಯ ಒಂದು ಬೆಳಿಗ್ಗೆ ಮಂಜು.
ರಸ್ತೆ ಇಲ್ಲ, ಬೋರ್ಡಿಲ್ಲ,
ಹದಿನಾಲ್ಕು ವರ್ಷ ನೋಡಿದ ಊರೇ ಇಲ್ಲ.
ರೊವೀನಾ ಒಂದೇ ಹುಬ್ಬಿನಲ್ಲಿ ಕೂತಳು.
ಉಮರಬ್ಬನವರ ಕಾಲು ಮೊದಲ ಬಾರಿಗೆ ಸುಮ್ಮನಾಯಿತು.
ನಿದ್ದೆಯ ಹುಡುಗ ಎದ್ದು "ಅಕ್ಕಾ, ನಿಧಾನ" ಅಂದ.
ಅವನಿಗೆ ಕನ್ನಡ ಬರುತ್ತದೆಂದು ತಿಳಿದದ್ದೇ ಆಗ.

ಎದುರಿಗೆ ಎರಡು ಕೆಂಪು ಚುಕ್ಕಿ.
ಅವು ಹೋದಲ್ಲಿ ನಾನು ಹೋದೆ.
ಕನ್ನಡಿಯಲ್ಲಿ ಬೇತಾಳ:
ಫಳ್ ಇಲ್ಲ, ಪೀಂ ಇಲ್ಲ, ಮಾರುದೂರ ಬಿಟ್ಟು,
ನನ್ನ ಎರಡು ಚುಕ್ಕಿಗಳನ್ನು ನಂಬಿಕೊಂಡು
ಶಾಲೆಯ ಸಾಲಿನ ಮಗುವಿನ ಹಾಗೆ ಬಂದ.
ನಲವತ್ತರ ವೇಗ. ಯಾರಿಗೂ ಎಲ್ಲಿಗೂ ಅವಸರವಿಲ್ಲ.
ಚಂದ ಇತ್ತು, ನಿಜ ಹೇಳಬೇಕೆಂದರೆ. ಹೆದರಿಕೆಯೂ ಇತ್ತು.

ಗ್ಲೋಬಲ್ ವಿಲೇಜ್ ದಾಟುವಾಗ ಬಿಸಿಲು.
ಬಿಸಿಲು ಬಿದ್ದದ್ದೇ ಬೆನ್ನಲ್ಲಿ ಫಳ್.

ಏಳೂವರೆಗೆ ಪಂಚಿಂಗು, ಆಗಲೇ ಏಳು ಇಪ್ಪತ್ತೆರಡು.
ಕಂಡ ಸಂದಿಗೆ ತೂರಿದೆ, ಎರಡು ಲೇನು ಒಟ್ಟಿಗೆ.
ಕನ್ನಡಿ ನೋಡಲಿಲ್ಲ, ಸಿಗ್ನಲ್ ಹಾಕಲಿಲ್ಲ,
ಭುಜ ಎಲ್ಲಿತ್ತೋ ನೆನಪಿಲ್ಲ.
ಉಮರಬ್ಬನವರು ಬ್ರೇಕೊತ್ತಿದರು, ಕಾರಿನ ನೆಲ ತೂತಾಗುವಂತೆ.

ಪಿಕಪ್ಪಿನವನೊಬ್ಬ ಗಾಜಿನಾಚೆ ಕೈಯೆತ್ತಿ ಏನೋ ಅಂದ,
ಪಶ್ತೋ ಇರಬಹುದು, ಬಂಗಾಳಿ ಇರಬಹುದು.
ಅರ್ಥವಾಯಿತು.
ದಿನಾ ನಾನು ತುಳುವಿನಲ್ಲಿ ಅನ್ನುವುದನ್ನೇ ಅಂದಿದ್ದ.